ಕರಕುಶಲ ಮೇಳದಲ್ಲಿ ಮೊದಲ ಸ್ಟಾಲ್: ಜಾಗ ಹಿಡಿಯುವುದರಿಂದ ಲೆಕ್ಕ ಮುಗಿಸುವವರೆಗೆ

"ನಾನೂ ಮನೇಲಿ ಕಸೂತಿ ಹಾಕ್ತೀನಿ, ಮೇಳದಲ್ಲಿ ಸ್ಟಾಲ್ ಹಾಕ್ಬೇಕು ಅಂದ್ರೆ ಎಲ್ಲಿಂದ ಶುರು ಮಾಡ್ಬೇಕು?" ಹೀಗೆ ಕೇಳುವವರು ಒಬ್ಬಿಬ್ಬರಲ್ಲ. ಟೆರಾಕೋಟಾ ಓಲೆ ಮಾಡುವವರು, ಕ್ರೋಶಾ ಗೊಂಬೆ ಹೆಣೆಯುವವರು, ಸೋಪು ಮಾಡುವವರು, ಎಲ್ಲರದೂ ಇದೇ ಪ್ರಶ್ನೆ. ಫೋನಿನಲ್ಲಿ ಹೇಳುವಾಗ ಏನಾದರೊಂದು ಬಿಟ್ಟುಹೋಗುತ್ತದೆ. ಅದಕ್ಕೇ ಇಲ್ಲಿ ಒಂದೊಂದೇ ಹಂತವಾಗಿ ಬರೆದಿದ್ದೇನೆ. ನಾನು ಮಾಡುವುದು ಕಸೂತಿ ಚೀಲಗಳನ್ನಾದ್ದರಿಂದ ಉದಾಹರಣೆಗಳೂ ಹೆಚ್ಚಾಗಿ ಅಲ್ಲಿಂದಲೇ ಬಂದಿವೆ. ನಿಮ್ಮ ಕೆಲಸಕ್ಕೆ ತಕ್ಕಂತೆ ಹೊಂದಿಸಿಕೊಳ್ಳಿ.

ಹೊಸಬರು ಹೆಚ್ಚಾಗಿ ಯೋಚಿಸುವುದು ಸ್ಟಾಲಿನ ಅಲಂಕಾರದ ಬಗ್ಗೆ. ಆದರೆ ಮೇಳದಲ್ಲಿ ಕೈಗೆ ದುಡ್ಡು ಉಳಿಯುತ್ತದೋ ಇಲ್ಲವೋ ಎನ್ನುವುದು ಬೆಲೆ ಚೀಟಿ ಬರೆಯುವಾಗಲೇ, ಮನೆಯಲ್ಲೇ ತೀರ್ಮಾನವಾಗಿರುತ್ತದೆ. ಆದ್ದರಿಂದ ಮೂರನೆಯ ಹಂತವನ್ನು ದಯವಿಟ್ಟು ಪೆನ್ನು, ಕಾಗದ ಹಿಡಿದುಕೊಂಡೇ ಓದಿ.

1. ನಿಮ್ಮ ಸರಕಿಗೆ ಹೊಂದುವ ಮೇಳ ಹುಡುಕಿ

ಜನ ಸೇರುವ ಕಡೆಯೆಲ್ಲ ಕೈಕೆಲಸ ಮಾರಾಟವಾಗುವುದಿಲ್ಲ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಲಕ್ಷಗಟ್ಟಲೆ ಜನ ಬರುತ್ತಾರೆ. ಆದರೆ ಅವರು ಬರುವುದು ಬಸವಣ್ಣನ ದರ್ಶನಕ್ಕೆ, ಕಡಲೆಕಾಯಿಗೆ, ಬತ್ತಾಸು-ಬಳೆಗಳಿಗೆ. ಅಂಥ ನೂಕುನುಗ್ಗಲಿನಲ್ಲಿ ನಿಂತು 850 ರೂಪಾಯಿಯ ಕಸೂತಿ ಚೀಲ ನೋಡುವ ವ್ಯವಧಾನ ಯಾರಿಗೂ ಇರುವುದಿಲ್ಲ. ಜಾತ್ರೆಗೆ ಹೋಗುವುದಾದರೆ ನೂರು, ನೂರೈವತ್ತರೊಳಗಿನ ಸಾಮಾನು ಒಯ್ಯಿರಿ.

ಮೊದಲ ಸಲಕ್ಕೆ ನಾನು ಹೇಳುವುದು ಅಪಾರ್ಟ್‌ಮೆಂಟ್ ಸಂತೆ. ದೊಡ್ಡ ವಸತಿ ಸಮುಚ್ಚಯಗಳಲ್ಲಿ ಯುಗಾದಿ, ಗೌರಿ ಹಬ್ಬ, ದೀಪಾವಳಿಗೆ ಮುಂಚೆ ನಿವಾಸಿಗಳ ಸಂಘದವರೇ ಇದನ್ನು ನಡೆಸುತ್ತಾರೆ. ಒಂದು ಮೇಜು, ಎರಡು ಕುರ್ಚಿ, ಒಂದು ದಿನ. ಬಾಡಿಗೆ ಕಡಿಮೆ, ಕಲಿಯುವುದಕ್ಕೆ ಸಾಕಷ್ಟು ಸಿಗುತ್ತದೆ.

ಸರ್ಕಾರದ ಮೇಳಗಳು ಬೇರೆ ಬಗೆಯವು. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿ ಗಾಂಧಿ ಶಿಲ್ಪ ಬಜಾರ್‌ಗಳಿಗೆ ನೆರವು ಕೊಡುತ್ತದೆ. ಅಲ್ಲಿಗೆ ಕುಶಲಕರ್ಮಿಯ ಗುರುತಿನ ಚೀಟಿ ಬೇಕು. ಸ್ವಸಹಾಯ ಸಂಘದ ಸದಸ್ಯೆಯಾಗಿದ್ದರೆ ಸರಸ್ ಮೇಳದ ದಾರಿಯಿದೆ, ನಿಮ್ಮ ಒಕ್ಕೂಟದ ಮೂಲಕ ಸಂಜೀವಿನಿ (ರಾಜ್ಯದ ಗ್ರಾಮೀಣ ಜೀವನೋಪಾಯ ಯೋಜನೆ) ಸಿಬ್ಬಂದಿಯನ್ನು ಕೇಳಿ. ಮೈಸೂರಿನವರಿಗೆ ದಸರಾ ವಸ್ತುಪ್ರದರ್ಶನವೂ ಜೆಎಸ್ಎಸ್ ಅರ್ಬನ್ ಹಾತ್‌ನ ಮೇಳಗಳೂ ಇವೆ. ಆದರೆ ದಸರಾ ವಸ್ತುಪ್ರದರ್ಶನ ವಾರಗಟ್ಟಲೆ ನಡೆಯುತ್ತದೆ. ಒಬ್ಬರೇ ಮಾಡಿ ಒಬ್ಬರೇ ಮಾರುವವರಿಗೆ ಅಷ್ಟು ದಿನ ಮಳಿಗೆ ತುಂಬಿಡುವುದು ಕಷ್ಟ.

ಚಿತ್ರಸಂತೆಯ ಬಗ್ಗೆಯೂ ಬಹಳ ಜನ ಕೇಳುತ್ತಾರೆ. ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ನಡೆಸುವ ಆ ಸಂತೆ ಮುಖ್ಯವಾಗಿ ಚಿತ್ರ ಕಲಾವಿದರದ್ದು. ಚೀಲ, ಓಲೆ ಮಾರುವವರು ಪರಿಷತ್ತಿನ ಆವರಣದಲ್ಲಿ ಬೇರೆ ದಿನಗಳಲ್ಲಿ ನಡೆಯುವ ಕರಕುಶಲ ಮೇಳಗಳನ್ನು ವಿಚಾರಿಸುವುದು ಒಳ್ಳೆಯದು.

ಯಾವ ಮೇಳವಾದರೂ ಸರಿ, ದುಡ್ಡು ಕಟ್ಟುವ ಮುಂಚೆ ಒಮ್ಮೆ ಗಿರಾಕಿಯಂತೆ ಹೋಗಿ ಬನ್ನಿ. ಬಂದವರ ಕೈಯಲ್ಲಿ ಕವರ್ ಇದೆಯೋ, ಬರೀ ಐಸ್‌ಕ್ರೀಮ್ ಇದೆಯೋ ನೋಡಿ. ಆಮೇಲೆ ಆಯೋಜಕರಿಗೆ ಈ ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ವಾಟ್ಸಾಪ್‌ನಲ್ಲೋ ಮೇಲ್‌ನಲ್ಲೋ ಬರಹದಲ್ಲೇ ಪಡೆಯಿರಿ: ಬಾಡಿಗೆ ಎಷ್ಟು, ಠೇವಣಿ ಎಷ್ಟು, ಅದು ಯಾವಾಗ ವಾಪಸ್? ಬಾಡಿಗೆಯಲ್ಲದೆ ಮಾರಾಟದ ಮೇಲೂ ಕಮಿಷನ್ ಉಂಟೋ? ಮೇಜು, ಕುರ್ಚಿ, ಲೈಟು, ಪ್ಲಗ್ ಪಾಯಿಂಟ್ ಯಾರದು? ಮೇಲೆ ಶಾಮಿಯಾನವೋ, ಬರೀ ಆಕಾಶವೋ? ಮಳೆ ಬಂದು ಮೇಳ ನಿಂತರೆ ದುಡ್ಡಿನ ಗತಿ ಏನು? ಒಂದೇ ಥರದ ಸರಕಿಗೆ ಎಷ್ಟು ಸ್ಟಾಲ್ ಕೊಡುತ್ತಾರೆ? ಈ ಕೊನೆಯದನ್ನು ಬಹಳ ಜನ ಕೇಳುವುದೇ ಇಲ್ಲ. ಸಣ್ಣ ಸಂತೆಯೊಂದರಲ್ಲಿ ಐದಾರು ಓಲೆ ಸ್ಟಾಲುಗಳಿದ್ದರೆ ಯಾರಿಗೂ ವ್ಯಾಪಾರವಾಗುವುದಿಲ್ಲ.

2. ಕಾಗದಪತ್ರ

ಇದಕ್ಕೆ ಹೆದರುವವರೇ ಹೆಚ್ಚು. ಸಣ್ಣದಾಗಿ ಶುರು ಮಾಡುವವರಿಗೆ ಬೇಕಾದದ್ದು ಕಡಿಮೆ, ಆದರೆ ಕೆಲವು ಸರಕುಗಳಿಗೆ ಕಟ್ಟುನಿಟ್ಟಾದ ನಿಯಮಗಳಿವೆ.

ಪೆಹಚಾನ್ ಕಾರ್ಡ್: ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿ ಕೊಡುವ ಕುಶಲಕರ್ಮಿಯ ಗುರುತಿನ ಚೀಟಿ ಇದು. ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು, ಇಲ್ಲವೇ ಹತ್ತಿರದ ಕರಕುಶಲ ಸೇವಾ ಕೇಂದ್ರದಲ್ಲಿ ಕೇಳಬಹುದು. ನಿಮ್ಮ ಕೆಲಸವನ್ನು ಮಾಡಿ ತೋರಿಸಿ ಎನ್ನಬಹುದು, ಸಿದ್ಧವಾಗಿರಿ. ಕಾರ್ಡ್ ಕೈಗೆ ಬರಲು ಸಮಯ ಹಿಡಿಯುತ್ತದೆ, ಆದ್ದರಿಂದ ಈಗ ಬೇಡವೆನಿಸಿದರೂ ಹಾಕಿಡಿ.

ಉದ್ಯಮ್ ನೋಂದಣಿ: ನಿಮ್ಮದು ಸಣ್ಣ ಉದ್ದಿಮೆ ಎಂದು ಕೇಂದ್ರ ಸರ್ಕಾರದಲ್ಲಿ ದಾಖಲಾಗುವ ವ್ಯವಸ್ಥೆ. ಆಧಾರ್, ಪಾನ್ ಇದ್ದರೆ ಮನೆಯಲ್ಲೇ ಕೂತು ಮಾಡಿಕೊಳ್ಳಬಹುದು. ಇದು ಪೂರ್ತಿ ಉಚಿತ. ಸರ್ಕಾರಿ ಜಾಲತಾಣದಂತೆಯೇ ಕಾಣುವ ಬೇರೆ ತಾಣಗಳು ಸಾವಿರಗಟ್ಟಲೆ ಶುಲ್ಕ ಕೇಳುತ್ತವೆ. ವಿಳಾಸದ ಕೊನೆಯಲ್ಲಿ "ಗವ್ ಡಾಟ್ ಇನ್" ಇದೆಯೇ ಎಂದು ನೋಡಿಯೇ ಮುಂದುವರಿಯಿರಿ.

ಜಿಎಸ್‌ಟಿ: ಕರ್ನಾಟಕದೊಳಗೆ ಬರೀ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ. ಗೋವಾ, ಹೈದರಾಬಾದ್ ಕಡೆಯ ಮೇಳಕ್ಕೆ ಹೋಗುವುದಾದರೆ ಲೆಕ್ಕವೇ ಬೇರೆ. ಹೊರರಾಜ್ಯದ ಮಾರಾಟಕ್ಕೆ ನೋಂದಣಿ ಕಡ್ಡಾಯ. ಆದರೆ ಸರ್ಕಾರದ ಪಟ್ಟಿಯಲ್ಲಿರುವ ಕರಕುಶಲ ವಸ್ತುಗಳಿಗೆ 20 ಲಕ್ಷದವರೆಗೆ ವಿನಾಯಿತಿ ಇದೆ, ಪಾನ್ ಮತ್ತು ಇ-ವೇ ಬಿಲ್ ಇರಬೇಕು. ಇ-ವೇ ಬಿಲ್ ಎಂದರೆ ಸರಕು ಸಾಗಿಸುವಾಗ ಜೊತೆಯಲ್ಲಿಟ್ಟುಕೊಳ್ಳಲು ಆನ್‌ಲೈನಿನಲ್ಲಿ ತೆಗೆಯುವ ಚೀಟಿ. ಮೊದಲ ಸಲ ಹೊರಗೆ ಹೋಗುವವರು ಒಬ್ಬ ತೆರಿಗೆ ಸಲಹೆಗಾರರನ್ನು ಕೇಳಿಯೇ ಹೊರಡಿ.

ಇನ್ನು ಕಟ್ಟುನಿಟ್ಟಿನ ಸರಕುಗಳು. ಮಕ್ಕಳ ಆಟಿಕೆಗೆ 2021ರ ಜನವರಿ 1ರಿಂದ ಐಎಸ್ಐ ಗುರುತು ಕಡ್ಡಾಯ. ಕರಕುಶಲ ಆಯುಕ್ತರಲ್ಲಿ ನೋಂದಾಯಿತ ಕುಶಲಕರ್ಮಿಗಳು ಮಾಡಿ ಮಾರುವ ಆಟಿಕೆಗಳಿಗೆ ವಿನಾಯಿತಿ ಇದೆ. ಚನ್ನಪಟ್ಟಣದ ಗೊಂಬೆಯಂತೆ ಭೌಗೋಳಿಕ ಸೂಚಿ, ಅಂದರೆ ಜಿಐ ಮಾನ್ಯತೆಯಡಿ ನೋಂದಾಯಿತರು ಮಾಡುವ ಆಟಿಕೆಗಳಿಗೂ ವಿನಾಯಿತಿ ಇದೆ. ಕ್ರೋಶಾ ಗೊಂಬೆ ಮಾಡುವವರೇ, ಪೆಹಚಾನ್ ಕಾರ್ಡ್ ನಿಮಗೆ ಎಲ್ಲರಿಗಿಂತ ಹೆಚ್ಚು ಮುಖ್ಯ. ಸೋಪು, ಮುಖಕ್ಕೆ ಹಚ್ಚುವ ಲೇಪ, ಕಾಡಿಗೆ ಇವೆಲ್ಲ ಕಾನೂನಿನ ಕಣ್ಣಲ್ಲಿ ಸೌಂದರ್ಯವರ್ಧಕಗಳು, ಮಾರಾಟಕ್ಕೆ ತಯಾರಿಸಲು ಪರವಾನಗಿ ಬೇಕು. "ಮನೇಲಿ ಮಾಡಿದ್ದು, ಯಾರು ಕೇಳ್ತಾರೆ" ಎನ್ನಬೇಡಿ. ಯಾರದೋ ಮಗುವಿನ ಚರ್ಮದ ಪ್ರಶ್ನೆ ಅದು. ಉಪ್ಪಿನಕಾಯಿ, ಚಟ್ನಿಪುಡಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್ಎಸ್ಎಸ್ಎಐ ನೋಂದಣಿ ಬೇಕು.

3. ಬೆಲೆ: ನಿಮ್ಮ ಕೂಲಿಯನ್ನು ಬಿಡಬೇಡಿ

ಹೊಸಬರು ಬೆಲೆ ಹಾಕುವ ಪರಿ ಹೀಗಿರುತ್ತದೆ: ಬಟ್ಟೆಗೆ ಇಷ್ಟಾಯಿತು, ದಾರಕ್ಕೆ ಇಷ್ಟಾಯಿತು, ಮೇಲೊಂದು ನೂರು ರೂಪಾಯಿ ಇಟ್ಟರೆ ಸಾಕು. ಆ ನೂರು ರೂಪಾಯಿಯಲ್ಲಿ ಐದು ಗಂಟೆಯ ಕೆಲಸ, ಮೇಳದ ಬಾಡಿಗೆ, ಆಟೋ ಖರ್ಚು ಎಲ್ಲ ಅಡಗಿರುತ್ತದೆ. ಸ್ಟಾಲಿನಲ್ಲಿದ್ದದ್ದೆಲ್ಲ ಖಾಲಿಯಾದರೂ ಮನೆಗೆ ಬಂದು ಎಣಿಸಿದರೆ ಏನೂ ಉಳಿದಿರುವುದಿಲ್ಲ.

ಒಂದು ಕಸೂತಿ ಚೀಲದ ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ.

ಬಟ್ಟೆ, ಅಸ್ತರು, ಝಿಪ್, ದಾರ: 160 ರೂ.
ಕೂಲಿ: ಕಸೂತಿಗೆ 4 ಗಂಟೆ, ಹೊಲಿಗೆಗೆ 1 ಗಂಟೆ, ಗಂಟೆಗೆ 80ರಂತೆ: 400 ರೂ.
ಚೀಟಿ, ಕಾಗದದ ಕವರ್: 15 ರೂ.
ಅಸಲು: 575 ರೂ.

ಇನ್ನು ಮೇಳದ ಖರ್ಚು. ಬಾಡಿಗೆ 3,000, ಗಾಡಿ 800, ಜೊತೆಗೆ ಬಂದವರ ಕೂಲಿ ಮತ್ತು ಊಟ 1,200, ಒಟ್ಟು 5,000 ಅಂದುಕೊಳ್ಳಿ. ನೀವು 25,000ದ ವ್ಯಾಪಾರ ಆಗಬಹುದೆಂದು ಎಣಿಸಿದ್ದರೆ ಪ್ರತಿ ನೂರು ರೂಪಾಯಿ ಮಾರಾಟದಲ್ಲೂ 20 ರೂಪಾಯಿ ಮೇಳಕ್ಕೇ ಹೋಗುತ್ತದೆ. ಚೀಲಕ್ಕೆ 850 ಎಂದು ಬರೆದರೆ ಅದರಲ್ಲಿ 170 ಮೇಳದ್ದು, 575 ಅಸಲು, ಉಳಿಯುವುದು 105. ಮಾರಾಟವಾಗದೆ ಉಳಿದ ತುಂಡು, ಬಣ್ಣ ಬಿಟ್ಟ ದಾರ, ಹೊಸ ವಿನ್ಯಾಸದ ಪ್ರಯೋಗ, ಇದೆಲ್ಲ ಆ 105ರಲ್ಲೇ ನಡೆಯಬೇಕು. 700ಕ್ಕೆ ಬಿಟ್ಟುಕೊಟ್ಟರೆ ಕೂಲಿಯಿಂದಲೇ 15 ರೂಪಾಯಿ ಕಳೆದುಕೊಂಡಿರಿ.

ಗಂಟೆಯ ಕೂಲಿ ಎಷ್ಟು ಹಿಡಿಯಬೇಕೆಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ನಿಮ್ಮ ಊರಿನಲ್ಲಿ ಹೊಲಿಗೆಯವರಿಗೆ ದಿನಕ್ಕೆ ಏನು ಕೊಡುತ್ತಾರೋ ಅದಕ್ಕಿಂತ ಕಡಿಮೆ ಬೇಡ. "ಮನೇಲಿ ಸುಮ್ನೆ ಕೂತಾಗ ಮಾಡಿದ್ದು" ಎನ್ನುವ ಮಾತನ್ನು ಗಿರಾಕಿಯ ಮುಂದೆ ಮಾತ್ರವಲ್ಲ, ನಿಮ್ಮ ಮನಸ್ಸಿನಲ್ಲೂ ಆಡಬೇಡಿ. ನೀವು ಕೂಲಿ ಬಿಟ್ಟು ಮಾರಿದರೆ ಪಕ್ಕದ ಸ್ಟಾಲಿನಲ್ಲಿ ಅದೇ ಕೆಲಸದಿಂದ ಮನೆ ನಡೆಸುವ ಹೆಣ್ಣುಮಗಳ ಅನ್ನಕ್ಕೂ ಕಲ್ಲು ಬಿತ್ತು. ನನಗೆ ಇದರಷ್ಟು ಮುಖ್ಯವಾದ ವಿಷಯ ಈ ಲೇಖನದಲ್ಲಿ ಬೇರೆ ಇಲ್ಲ.

850 ಹೆಚ್ಚಾಯಿತು, ನಿಮ್ಮ ಮೇಳದಲ್ಲಿ ಅಷ್ಟು ಕೊಡುವವರಿಲ್ಲ ಅನ್ನಿಸಿದರೆ ಕೂಲಿ ಇಳಿಸಬೇಡಿ, ಕೆಲಸ ಇಳಿಸಿ. ಚೀಲದ ತುಂಬ ತೇರು, ಆನೆ, ಗೋಪುರ ಹಾಕುವ ಬದಲು ಒಂದು ಮೂಲೆಗೆ ಒಂದೇ ತುಳಸಿ ಕಟ್ಟೆ ಹಾಕಿ. ಒಂದೂವರೆ ಗಂಟೆಯಲ್ಲಿ ಮುಗಿಯುವ ಸಣ್ಣ ಪರ್ಸು ಮಾಡಿ. ಬೆಲೆ ತಾನಾಗಿ ಇಳಿಯುತ್ತದೆ, ನಿಮ್ಮ ಗಂಟೆಯ ಬೆಲೆ ಇಳಿಯುವುದಿಲ್ಲ.

4. ಎಷ್ಟು ಸರಕು ಒಯ್ಯಬೇಕು

ಎಷ್ಟು ವ್ಯಾಪಾರದ ನಿರೀಕ್ಷೆಯೋ ಅದರ ಎರಡೂವರೆ ಪಟ್ಟು ಬೆಲೆಯ ಸರಕು ಇರಲಿ. ಇಲ್ಲದಿದ್ದರೆ ಸಂಜೆ ಜನ ಹೆಚ್ಚುವ ಹೊತ್ತಿಗೆ ಮೇಜು ಬಡವಾಗಿ ಕಾಣುತ್ತದೆ. ಮೂರು ದರದ ವಸ್ತುಗಳಿರಲಿ: 200ರೊಳಗಿನ ಪುಟ್ಟವು (ಪುಸ್ತಕದ ಗುರುತುಪಟ್ಟಿ, ಕೀಲಿ ಗೊಂಚಲು), 300ರಿಂದ 600ರ ಪರ್ಸು, ಪೌಚುಗಳು, ಅದರ ಮೇಲಿನವು. ಮೇಳದ ಬಾಡಿಗೆ ಹುಟ್ಟುವುದು ಹೆಚ್ಚಾಗಿ ನಡುವಿನ ದರದಲ್ಲಿ. ದೊಡ್ಡ ತುಂಡುಗಳು ಜನರನ್ನು ನಿಲ್ಲಿಸುತ್ತವೆ. ಪುಟ್ಟವನ್ನು ಕೊಂಡವರು ನಿಮ್ಮ ನಂಬರ್ ಒಯ್ಯುತ್ತಾರೆ.

5. ಸ್ಟಾಲ್ ಜೋಡಿಸುವುದು

ಮನೆಯಲ್ಲೇ ಊಟದ ಮೇಜಿನ ಮೇಲೆ ಒಮ್ಮೆ ಪೂರ್ತಿ ಜೋಡಿಸಿ, ಫೋಟೊ ತೆಗೆದುಕೊಳ್ಳಿ. ಮೇಳದ ದಿನ ಬೆಳಿಗ್ಗೆ ಗಡಿಬಿಡಿಯಲ್ಲಿ ಆ ಫೋಟೊ ನೋಡಿ ಜೋಡಿಸಿದರೆ ಸಾಕು. ಎಲ್ಲವನ್ನೂ ಮೇಜಿನ ಮೇಲೆ ಮಲಗಿಸಬೇಡಿ, ಹತ್ತಡಿ ದೂರದಿಂದ ಏನೂ ಕಾಣುವುದಿಲ್ಲ. ಒಂದು ಹಗ್ಗ ಕಟ್ಟಿ ಕ್ಲಿಪ್‌ನಲ್ಲಿ ತೂಗುಹಾಕಿ. ರಟ್ಟಿನ ಪೆಟ್ಟಿಗೆಗಳನ್ನು ಬೋರಲು ಹಾಕಿ ಮೇಲೊಂದು ಹಳೆಯ ಇಳಕಲ್ ಸೀರೆ ಹೊದಿಸಿದರೆ ಮೆಟ್ಟಿಲು ಸಿದ್ಧ.

ಪ್ರತಿ ತುಂಡಿಗೂ ಬೆಲೆ ಚೀಟಿ ಇರಲೇಬೇಕು. ನಮ್ಮ ಜನರಲ್ಲಿ ಬೆಲೆ ಕೇಳಲು ಸಂಕೋಚಪಡುವವರು ಬಹಳ. ಚೀಟಿ ಇಲ್ಲದಿದ್ದರೆ ಮುಟ್ಟಿ ನೋಡಿ, ಕೆಳಗಿಟ್ಟು ಹೊರಟುಹೋಗುತ್ತಾರೆ.

ಒಯ್ಯಬೇಕಾದ ಸಣ್ಣಪುಟ್ಟದ್ದು: ಕತ್ತರಿ, ಸೇಫ್ಟಿ ಪಿನ್, ಟೇಪು, ಸುತಲಿ, ಸೂಜಿ-ದಾರ, ಎಕ್ಸ್‌ಟೆನ್ಶನ್ ಬೋರ್ಡು, ಪವರ್ ಬ್ಯಾಂಕ್, ಬಿಲ್ ಪುಸ್ತಕ, ಪುಟ್ಟ ಕನ್ನಡಿ (ಓಲೆಯವರಿಗೆ ಕನ್ನಡಿಯಿಲ್ಲದೆ ವ್ಯಾಪಾರವೇ ಇಲ್ಲ), ನೀರು, ಊಟದ ಡಬ್ಬಿ. ಬಯಲಿನ ಮೇಳವಾದರೆ ಟಾರ್ಪಾಲು ಮರೆಯಬೇಡಿ. ಬೆಂಗಳೂರಿನ ಏಪ್ರಿಲ್, ಮೇ ತಿಂಗಳ ಮಳೆ ಬೆಳಿಗ್ಗೆಯ ಬಿಸಿಲು ನೋಡಿ ಅಂದಾಜಿಗೆ ಸಿಗುವಂಥದ್ದಲ್ಲ. ಪಶ್ಚಿಮಕ್ಕೆ ಮುಖ ಮಾಡಿದ ಸ್ಟಾಲ್ ಸಿಕ್ಕರೆ ಗಾಢ ಬಣ್ಣದ ಬಟ್ಟೆಯನ್ನು ಮಧ್ಯಾಹ್ನದ ನಂತರ ಒಳಗೆ ಸರಿಸಿ, ಬಣ್ಣ ಹಾರುತ್ತದೆ. ಪ್ಲಾಸ್ಟಿಕ್ ಕೈಚೀಲ ಬೇಡವೇ ಬೇಡ. ಕರ್ನಾಟಕದಲ್ಲಿ 2016ರಿಂದಲೇ ನಿಷೇಧವಿದೆ, ದಂಡ ಬೀಳುವುದು ನಿಮಗೆ.

6. ಹಣ ಪಡೆಯುವುದು

ಮಾರಾಟಕ್ಕೆಂದೇ ಒಂದು ಬೇರೆ ಬ್ಯಾಂಕ್ ಖಾತೆ ಇಡಿ. 2025ರ ಜುಲೈನಲ್ಲಿ ಯುಪಿಐ ಮೂಲಕ ಬಂದ ಮೊತ್ತವನ್ನು ನೋಡಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಚೀಟಿಗಳು ಮಾಯವಾದವು. ನಿಮ್ಮ ವಹಿವಾಟು ಆ ಮಟ್ಟದಲ್ಲಿ ಇಲ್ಲದಿದ್ದರೂ ಚೀಟಿ ದುಡ್ಡು, ತಂಗಿ ಕಳಿಸಿದ ದುಡ್ಡು, ಚೀಲ ಮಾರಿದ ದುಡ್ಡು ಒಂದೇ ಖಾತೆಯಲ್ಲಿ ಕಲಸಿಹೋದರೆ ಮುಂದೆ ಯಾರಿಗಾದರೂ ವಿವರಿಸುವುದು ಕಷ್ಟ.

ಕ್ಯೂಆರ್ ಚೀಟಿಯನ್ನು ಎರಡು ಪ್ರತಿ ಮಾಡಿಸಿ ರಟ್ಟಿಗೆ ಅಂಟಿಸಿ. ಆಗಾಗ ಕೈಯಿಂದ ಮುಟ್ಟಿ ನೋಡಿ, ಮೇಲೆ ಬೇರೊಂದು ಚೀಟಿ ಅಂಟಿಸಿ ಮೋಸ ಮಾಡುವವರಿದ್ದಾರೆ. ಗಿರಾಕಿ ತನ್ನ ಫೋನಿನಲ್ಲಿ ಹಸಿರು ಗುರುತು ತೋರಿಸಿದ ಮಾತ್ರಕ್ಕೆ ಸಾಮಾನು ಕೊಡಬೇಡಿ, ನಿಮ್ಮ ಫೋನಿನಲ್ಲಿ ಹಣ ಬಂದದ್ದನ್ನು ನೋಡಿ ಕೊಡಿ. ಹಣ ಪಡೆಯಲು ನೀವು ಎಂದೂ ಪಿನ್ ಒತ್ತಬೇಕಾಗಿಲ್ಲ. ಒತ್ತಿ ಎಂದವರು ನಿಮ್ಮ ಖಾತೆಯಿಂದ ಎಳೆಯುತ್ತಿದ್ದಾರೆ. ಜನ ಹೆಚ್ಚಾದಾಗ ನೆಟ್‌ವರ್ಕ್ ಸಿಗುವುದಿಲ್ಲ, ಇನ್ನೊಂದು ಕಂಪನಿಯ ಸಿಮ್ ಇರುವ ಫೋನ್ ಜೊತೆಯಲ್ಲಿರಲಿ. ನಗದು ಕೊಡುವವರಿಗಾಗಿ 10, 20, 50ರ ಚಿಲ್ಲರೆ ಸಾಕಷ್ಟು ಇರಲಿ. ದುಡ್ಡಿನ ಚೀಲ ಸೊಂಟದಲ್ಲಿರಬೇಕು, ಮೇಜಿನ ಕೆಳಗಲ್ಲ.

7. ಗಿರಾಕಿಯ ಜೊತೆ ಮಾತು

ನಿಂತವರನ್ನು ಒಡನೆಯೇ "ಬನ್ನಿ ಮೇಡಂ, ಏನ್ ಬೇಕು" ಎಂದು ಮುತ್ತಬೇಡಿ. ಮುಗುಳ್ನಕ್ಕು ನಿಮ್ಮ ಕೆಲಸ ಮುಂದುವರಿಸಿ. ಸ್ಟಾಲಿನಲ್ಲಿ ಕೂತು ಕೆಲಸ ಮಾಡುವುದಕ್ಕಿಂತ ದೊಡ್ಡ ಜಾಹೀರಾತು ಇಲ್ಲ. ಕಸೂತಿಯವರಿಗೆ ಒಂದು ಕಿವಿಮಾತು: ಗೆರೆ ಎಳೆಯದೆ ಎಳೆ ಎಣಿಸಿ ಹಾಕುವ ಕೆಲಸವಾದ್ದರಿಂದ ಮಾತಿನ ನಡುವೆ ಲೆಕ್ಕ ತಪ್ಪುತ್ತದೆ. ದೊಡ್ಡ ತೇರನ್ನು ಮನೆಯಲ್ಲೇ ಬಿಟ್ಟು ಸಣ್ಣ ಅಂಚಿನ ಕೆಲಸ ತನ್ನಿ.

"ಇದೇ ಥರದ್ದು ಆನ್‌ಲೈನಲ್ಲಿ 350ಕ್ಕೆ ಸಿಗತ್ತಲ್ಲ?" ಎಂಬ ಮಾತು ಬಂದೇ ಬರುತ್ತದೆ. ವಾದ ಬೇಡ, ತೋರಿಸಿ. ಚೀಲಕ್ಕೆ ಅಸ್ತರು ಹಾಕಿರುವುದರಿಂದ ಹಿಂಬದಿ ಕಾಣುವುದಿಲ್ಲ. ಅದಕ್ಕೇ ನಿಮ್ಮ ಕಸೂತಿಯ ಅಂಗೈಯಗಲದ ಒಂದು ಬಿಡಿ ತುಂಡನ್ನು, ಪಕ್ಕದಲ್ಲಿ ಯಂತ್ರದ ಕಸೂತಿಯ ತುಂಡೊಂದನ್ನು ಮೇಜಿನ ಮೇಲಿಟ್ಟಿರಿ. ಗವಂತಿ ಎಂಬ ಕಸೂತಿ ಹೊಲಿಗೆಯಲ್ಲಿ ಸೂಜಿ ಹೋದ ದಾರಿಯಲ್ಲೇ ಮರಳಿ ಬಂದು ಬಿಟ್ಟ ಜಾಗ ತುಂಬುತ್ತದೆ, ಎಲ್ಲೂ ಗಂಟಿರುವುದಿಲ್ಲ. ಮಗುಚಿದರೆ ಆ ಬದಿಯಲ್ಲೂ ಅದೇ ಗೋಪುರ. ಯಂತ್ರದ ಕಸೂತಿಯ ಹಿಂಬದಿಯಲ್ಲಿ ದಾರದ ಸಿಕ್ಕು, ಒತ್ತಾಸೆಗೆ ಇಟ್ಟ ಬಿಳಿ ಹಾಳೆ ಕಾಣುತ್ತದೆ. ಎರಡನ್ನೂ ಗಿರಾಕಿಯ ಕೈಗೇ ಕೊಡಿ, ಅವರೇ ಮಗುಚಿ ನೋಡಲಿ. ಆಮೇಲೆ ಬೆಲೆಯ ಬಗ್ಗೆ ನೀವು ಹೆಚ್ಚು ಹೇಳಬೇಕಾಗುವುದಿಲ್ಲ. ನಿಮ್ಮ ಕೈಕೆಲಸದಲ್ಲೂ ಯಂತ್ರಕ್ಕೆ ಬಾರದ್ದು ಏನಾದರೂ ಇದ್ದೇ ಇರುತ್ತದೆ. ಅದನ್ನು ಹುಡುಕಿ, ಮುಟ್ಟಿ ತಿಳಿಯುವಂತೆ ಇಡಿ.

ಚೌಕಾಸಿ ಇಲ್ಲದ ಮೇಳವಿಲ್ಲ. ಎಷ್ಟರವರೆಗೆ ಇಳಿಯಬಹುದೆಂದು ಮನೆಯಲ್ಲೇ ತೀರ್ಮಾನಿಸಿ. "ಬೋಣಿ ಟೈಮು, ಕೊಟ್ಬಿಡಮ್ಮಾ" ಎಂದು ಬೆಳಿಗ್ಗೆಯೇ ಒತ್ತಾಯ ಬರುತ್ತದೆ. ಬೋಣಿಯ ನಂಬಿಕೆ ನನಗೂ ಇದೆ, ಆದರೆ 850ರದ್ದನ್ನು 600ಕ್ಕೆ ಕೊಟ್ಟು ಬೋಣಿ ಮಾಡುವುದಿಲ್ಲ. ಎರಡು ಕೊಂಡರೆ ಒಂದು ಗುರುತುಪಟ್ಟಿ ಉಚಿತ ಎನ್ನಿ. ಗಿರಾಕಿಗೂ ಸಂತೋಷ, ಬೆಲೆಯೂ ನಿಂತಿತು. ಕೊನೆಯ ಗಂಟೆಯಲ್ಲಿ ಅರ್ಧ ಬೆಲೆಗೆ ಕೂಗಿ ಮಾರುವುದಂತೂ ಬೇಡ. ಬೆಳಿಗ್ಗೆ ಪೂರ್ತಿ ಬೆಲೆ ಕೊಟ್ಟವರು ಮತ್ತೊಮ್ಮೆ ಅದೇ ದಾರಿಯಲ್ಲಿ ಬರುತ್ತಾರೆ.

8. ಅದೇ ರಾತ್ರಿ ಲೆಕ್ಕ

ಎಷ್ಟೇ ದಣಿದಿದ್ದರೂ ಮಲಗುವ ಮುಂಚೆ ನಾಲ್ಕು ಸಾಲು ಬರೆಯಿರಿ: ನಗದು ಎಷ್ಟು, ಯುಪಿಐ ಎಷ್ಟು, ಯಾವ ವಸ್ತು ಎಷ್ಟು ಹೋಯಿತು, ಜನ ಕೇಳಿದ್ದು ನಿಮ್ಮಲ್ಲಿ ಇಲ್ಲದ್ದು ಯಾವುದು. ಕೊನೆಯ ಸಾಲು ಮುಂದಿನ ಮೇಳದ ಬಂಡವಾಳ. ಖಣದ ಬಟ್ಟೆಯ ಲ್ಯಾಪ್‌ಟಾಪ್ ಚೀಲ ಬೇಕೆಂದು ಮೂರು ಜನ ಕೇಳಿದ್ದರೆ ಅದು ಬರೀ ಮಾತಲ್ಲ. ಒಂದು ಮೇಳ ಕೈಕೊಟ್ಟಿತೆಂದು ಎಲ್ಲ ಬಿಡಬೇಡಿ, ಆದರೆ ಅದೇ ಮೇಳ ಎರಡನೆಯ ಸಲವೂ ಖರ್ಚು ಹುಟ್ಟಿಸದಿದ್ದರೆ ಅಲ್ಲಿಗೆ ಮತ್ತೆ ಹೋಗಬೇಡಿ. ಠೇವಣಿ ಹೇಳಿದ ದಿನಕ್ಕೆ ಬಾರದಿದ್ದರೆ ಫೋನ್ ಬೇಡ, ಬರಹದಲ್ಲೇ ಕೇಳಿ.

ಮೇಳದಲ್ಲಿ ಬಂದ ಆರ್ಡರ್‌ಗಳಿಗೆ ಅರ್ಧ ಮುಂಗಡ ಪಡೆಯಿರಿ. ಬಣ್ಣ, ಅಳತೆ, ಕೊಡುವ ದಿನ ಬರೆದು ಫೋಟೊ ಸಮೇತ ಅವರಿಗೆ ಕಳಿಸಿ "ಸರಿ" ಎಂಬ ಉತ್ತರ ತರಿಸಿಕೊಳ್ಳಿ. ದಿನ ಹೇಳುವಾಗ ನಿಮ್ಮ ಮನೆಯ ಹಬ್ಬ, ಮಕ್ಕಳ ಪರೀಕ್ಷೆ ಎಲ್ಲ ಲೆಕ್ಕಕ್ಕಿರಲಿ. ದೀಪಾವಳಿಗೆ ಎರಡು ವಾರವಿರುವಾಗ ಹನ್ನೆರಡು ಚೀಲ ಕೇಳಿದರೆ, ಒಂದಕ್ಕೆ ಐದು ಗಂಟೆಯಂತೆ 60 ಗಂಟೆಯ ಕೆಲಸ. ಆಗದು ಅನ್ನಿಸಿದರೆ ಅಲ್ಲೇ ಹೇಳಿ, ಆರು ಮಾಡಿಕೊಡುತ್ತೇನೆಂದು ಆರರ ಮುಂಗಡವನ್ನಷ್ಟೇ ಪಡೆಯಿರಿ.